ಆರು ಲೋಟಕ್ಕೆ ಎರಡು ವರ್ಷ

ಗಾಜಿನಲ್ಲಿ ಎಂ.ಎಫ್.ಎ., ಅಂದರೆ ಲಲಿತಕಲೆಯ ಸ್ನಾತಕೋತ್ತರ ಪದವಿ, ಮಾಡಿದ್ದೇನೆ ಎಂದರೆ ನಮ್ಮ ತುಮಕೂರಿನ ಕಡೆ ಜನ ಮೊದಲು ಕಿಟಕಿಯ ಅಳತೆ ಹೇಳುತ್ತಾರೆ. ನ್ಯೂಯಾರ್ಕ್ ರಾಜ್ಯದ ಹಿಮ ಸುರಿಯುವ ಮೂಲೆಯೊಂದಕ್ಕೆ ನಾನು ಓದಲು ಹೊರಟ ದಿನ ಸೋದರಮಾವ ವಿಮಾನ ನಿಲ್ದಾಣದಲ್ಲೇ, ‘ಟಫನ್ಡ್ ಗ್ಲಾಸ್ ಈಗ ಚದರಡಿಗೆ ಏನು ರೇಟಮ್ಮ?’ ಎಂದು ವಿಚಾರಿಸಿಕೊಂಡರು. ಅಜ್ಜಿಯ ತಕರಾರು ಬೇರೆ. ಉದ್ದನೆಯ ಕಬ್ಬಿಣದ ಕೊಳವೆ ತುದಿಗೆ ಕರಗಿದ ಗಾಜು ಸುತ್ತಿಕೊಂಡು ಊದುವ ವಿಡಿಯೋ ತೋರಿಸಿದ್ದೇ ತಡ, ‘ಊದುಗೊಳವೆ ಹಿಡಿದೇ ನನ್ನ ಕಣ್ಣು ಹಾಳಾಯ್ತು. ನಿಮ್ಮಮ್ಮನಿಗೆ ಆ ಕಷ್ಟ ಬೇಡ ಅಂತ ಗ್ಯಾಸ್ ಹಾಕಿಸಿದ್ವಿ. ಈಗ ನೀನು ಸಾಲ ಮಾಡಿ ಅಮೆರಿಕಾಗೆ ಹೋಗಿ ಊದ್ತೀಯಾ?’ ಎಂದಳು. ಸಾಲ ಕೊಟ್ಟ ಬ್ಯಾಂಕಿನವರೂ ಇಷ್ಟು ನೆಟ್ಟಗೆ ಕೇಳಿರಲಿಲ್ಲ.

ಅಮ್ಮ ವ್ಯವಹಾರಸ್ಥೆ. ‘ಅಷ್ಟು ದುಡ್ಡು ಸುರಿದು ಕಲಿತೀಯ. ಬರುವಾಗ ಮನೆಗೆ ಒಂದೇ ಥರದ್ದು ಆರು ಲೋಟ ಮಾಡ್ಕೊಂಡು ಬಾ’ ಎಂದಳು. ಕೇಳುವುದಕ್ಕೆ ಎಷ್ಟು ಸಣ್ಣ ಆಸೆ!

ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು, ಆ ಪದವಿಯಲ್ಲಿ ಯಾರೂ ಮಾಡಬಾರದ ವಸ್ತು ಎಂದರೆ ಲೋಟ. ಇದಕ್ಕೊಂದು ಇತಿಹಾಸ ಇದೆ. ಗಾಜು ಊದುವುದು ಕಾರ್ಖಾನೆಯ ಕೆಲಸ, ಕಲಾವಿದರು ಮನೆಮಟ್ಟಿಗೆ ಮಾಡುವುದಲ್ಲ ಎಂಬ ನಂಬಿಕೆ ಅಮೆರಿಕದಲ್ಲೂ ಗಟ್ಟಿಯಾಗಿತ್ತು. 1962ರಲ್ಲಿ ಹಾರ್ವಿ ಲಿಟಲ್‌ಟನ್ ಎಂಬ ಸೆರಾಮಿಕ್ಸ್ ಮೇಷ್ಟ್ರು ಒಹಾಯೊದ ಟೊಲೀಡೊ ಕಲಾ ಮ್ಯೂಸಿಯಂ ಆವರಣದಲ್ಲಿ ಒಂದು ಪುಟ್ಟ ಕುಲುಮೆ ಕಟ್ಟಿ, ಕಲಾವಿದರು ತಾವೇ ಊದಬಹುದು ಎಂದು ತೋರಿಸಲು ಹೊರಟರು. ಮೊದಲು ಹಾಕಿದ ಮಿಶ್ರಣ ಊದುವ ಹದಕ್ಕೇ ಬರಲಿಲ್ಲ. ಕೊನೆಗೆ ಗಾಜಿನ ಉದ್ಯಮದಲ್ಲಿ ಪಳಗಿದ್ದ ಡೊಮಿನಿಕ್ ಲಬೈನೊ, ಫೈಬರ್‌ಗ್ಲಾಸ್ ಮಾಡಲು ಬಳಸುವ ಗೋಲಿಗಳನ್ನು ಕರಗಿಸಲು ಹೇಳಿ ಮಾನ ಉಳಿಸಿದರು. ನಮ್ಮ ಇಡೀ ಪದವಿಯ ಬುನಾದಿ ಗೋಲಿ ಎನ್ನುವುದನ್ನು ನಾನು ಸೋದರಮಾವನಿಗೆ ಇನ್ನೂ ಹೇಳಿಲ್ಲ. ಮುಂದೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಲಿಟಲ್‌ಟನ್ ಪಾಠ ಶುರು ಮಾಡಿದರು. ಅವರ ಶಿಷ್ಯ ಡೇಲ್ ಚಿಹುಲಿ 1969ರಲ್ಲಿ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್‌ನಲ್ಲಿ ಗಾಜಿನ ವಿಭಾಗ ಕಟ್ಟಿದರು. ಹೀಗೆ ಹೋರಾಡಿ ಕಲೆಯ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡವರಿಗೆ ಲೋಟ ಕಂಡರೆ ಒಂಥರಾ ಮುಜುಗರ.

ನನ್ನ ಮೊದಲ ಕ್ರಿಟ್‌ನಲ್ಲಿ, ಅಂದರೆ ಮಾಡಿದ್ದನ್ನು ಮಧ್ಯೆ ಇಟ್ಟು ಎಲ್ಲರೂ ಸುತ್ತ ಕುಳಿತು ಜಾಲಾಡುವ ತರಗತಿಯಲ್ಲಿ, ಅತಿಥಿ ಕಲಾವಿದರೊಬ್ಬರು ನನ್ನ ಲೋಟಕ್ಕೆ ಪ್ರದಕ್ಷಿಣೆ ಬಂದು, ‘ಇದು ಗಾಜೇ ಯಾಕಾಗಬೇಕಿತ್ತು?’ ಎಂದರು. ‘ಸ್ಟೀಲಿಂದು ಮನೆಯಲ್ಲಿದೆ’ ಎಂದೆ. ಒಂದು ಕ್ಷಣ ಮೌನ. ಆಮೇಲೆ ಎಲ್ಲರೂ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಲೋಟ ಕೀಳು ಎಂದ ಮಾತ್ರಕ್ಕೆ ಸುಲಭ ಎಂದುಕೊಳ್ಳಬೇಡಿ. ಸೊಟ್ಟಗೆ, ಜೋತುಬಿದ್ದು, ಹೊಟ್ಟೆ ಬಿರಿದ ಶಿಲ್ಪವನ್ನು ಯಾರು ಬೇಕಾದರೂ ಮಾಡಿ ‘ದೇಹದ ದಣಿವು’ ಎಂದು ಹೆಸರಿಡಬಹುದು. ನೆಟ್ಟಗಿರುವ ತೆಳ್ಳನೆಯ ಲೋಟಕ್ಕೆ ಅಂಥ ರಿಯಾಯಿತಿ ಇಲ್ಲ. ಕುಲುಮೆ 1100 ಡಿಗ್ರಿಯ ಮೇಲಿರುತ್ತದೆ. ಕೊಳವೆಯ ತುದಿಗೆ ಗಾಜು ಬಂದ ಕ್ಷಣದಿಂದ ತಿರುಗಿಸುತ್ತಲೇ ಇರಬೇಕು. ಮೂಗು ತುರಿಸಿದರೂ ಕೈ ಬಿಡುವಂತಿಲ್ಲ, ಬಿಟ್ಟರೆ ಒಂದು ಕಡೆಗೆ ವಾಲಿತು. ಆಕಾರ ಕೊಡುವುದು ಹೇಗೆ ಎಂದರೆ, ದಪ್ಪಗೆ ಮಡಿಸಿ ನೀರಿನಲ್ಲಿ ನೆನೆಸಿದ ನ್ಯೂಸ್‌ಪೇಪರನ್ನು ಬರಿಗೈಯಲ್ಲಿ ಹಿಡಿದು, ಕೆಂಡದಂತಿರುವ ಗಾಜನ್ನು ಅದರೊಳಗೆ ಉರುಳಿಸುವುದು. ಅಂಗೈಗೂ ಬೆಂಕಿಗೂ ನಡುವೆ ನಿನ್ನೆಯ ಸುದ್ದಿ ಅಷ್ಟೇ. ನುಣುಪು ಕಾಗದದ ಪುರವಣಿ ಆಗದು, ಸಾದಾ ಪೇಪರೇ ಬೇಕು. ಒಮ್ಮೆ ಸ್ಟುಡಿಯೋದಲ್ಲಿ ಪೇಪರ್ ಮುಗಿದು, ಅಮ್ಮ ಉಪ್ಪಿನಕಾಯಿ ಬಾಟಲಿಗೆ ಸುತ್ತಿ ಕಳಿಸಿದ್ದ ಕನ್ನಡ ಪತ್ರಿಕೆಯ ಹಾಳೆಗಳನ್ನೇ ಮಡಿಸಿಕೊಂಡೆ. ದಿನಭವಿಷ್ಯದಲ್ಲಿ ನನ್ನ ರಾಶಿಗೆ ಧನಲಾಭ ಎಂದಿತ್ತು. ಮೊದಲು ಸುಟ್ಟಿದ್ದು ಅದೇ ಜಾಗ. ಜೊತೆಗೆ ಇಡೀ ಸ್ಟುಡಿಯೋ ಮಾವಿನಮಿಡಿ ಒಗ್ಗರಣೆಯ ವಾಸನೆ ಹೊಡೆದು, ಅರ್ಧ ಜನ ಊಟಕ್ಕೆ ಎದ್ದುಹೋದರು.

ಎದ್ದುಹೋದರೆ ಕಷ್ಟ. ಈ ಕೆಲಸಕ್ಕೆ ಎರಡನೆಯ ಜೋಡಿ ಕೈ ಬೇಕೇ ಬೇಕು: ನಾನು ಬೆಂಚಿನ ಮೇಲೆ ಕುಳಿತು ಆಕಾರ ಮಾಡುವಾಗ ಊದಲು ಒಬ್ಬರು, ಲೋಟದ ತಳಕ್ಕೆ ಸಲಾಕೆ ಅಂಟಿಸಿ ಕೊಳವೆಯಿಂದ ಬಿಡಿಸಲು ಒಬ್ಬರು. ಅಲ್ಲಿ ನಡೆಯುವುದು ಅಪ್ಪಟ ಮುಯ್ಯಾಳು ಲೆಕ್ಕ. ನಿನ್ನ ಗದ್ದೆಗೆ ನಾನು, ನನ್ನ ಗದ್ದೆಗೆ ನೀನು. ಗಾಬರಿಯಾದಾಗ ನನ್ನ ಬಾಯಲ್ಲಿ ಇಂಗ್ಲಿಷ್ ಬರುವುದಿಲ್ಲ, ‘ಊದು, ಊದು, ಸಾಕು ಸಾಕು!’ ಎಂದು ಕಿರುಚುತ್ತಿದ್ದೆ. ಎರಡನೇ ಸೆಮಿಸ್ಟರಿಗೆ ಬರುವಷ್ಟರಲ್ಲಿ ಮಿನ್ನೆಸೋಟದ ಹುಡುಗನೊಬ್ಬ ತನ್ನ ಸಹಾಯಕರಿಗೂ ‘ಸಾಕು’ ಎನ್ನತೊಡಗಿದ್ದ. ಒತ್ತಕ್ಷರ ಇಲ್ಲದ್ದನ್ನು ಆರಿಸಿಕೊಂಡಿದ್ದರಿಂದ ಉಚ್ಚಾರಣೆ ಚೆನ್ನಾಗಿಯೇ ಇತ್ತು.

ಎಲ್ಲ ಸರಿಯಾಗಿ ಲೋಟ ಹುಟ್ಟಿದರೂ ಬಾಣಂತನ ಮುಗಿದಿರುವುದಿಲ್ಲ. ಸುಮಾರು 500 ಡಿಗ್ರಿಯ ಗೂಡಿನಲ್ಲಿಟ್ಟು ನಿಧಾನವಾಗಿ ಆರಿಸಬೇಕು, ಇಲ್ಲವಾದರೆ ಒಳಗೆ ಬಿಗಿತ ಉಳಿದು ಸೀಳುತ್ತದೆ. ಆ ಗೂಡು ಕರೆಂಟಿನದು. ಚಳಿಗಾಲದಲ್ಲಿ ಮಂಜುಗಡ್ಡೆಯ ಮಳೆ ಬಂದು ತಂತಿಗಳು ತುಂಡಾದ ರಾತ್ರಿ, ನನ್ನ ಒಳ್ಳೆಯ ಲೋಟಗಳೆಲ್ಲ ಒಳಗಿದ್ದವು. ಬೆಳಿಗ್ಗೆ ಬಾಗಿಲು ತೆರೆದರೆ ಎಲ್ಲಕ್ಕೂ ಬಾಯಿಂದ ಬುಡದವರೆಗೆ ಸೀಳು. ಆ ಒಂದು ವಿಷಯದಲ್ಲಿ ಮಾತ್ರ ಎಲ್ಲವೂ ಒಂದೇ ಥರ.

ಅಪ್ಪ ವಿದ್ಯುತ್ ಇಲಾಖೆಯಿಂದ ನಿವೃತ್ತರಾದವರು. ಫೋನಿನಲ್ಲಿ ಅತ್ತರೆ, ‘ಅಮೆರಿಕದಲ್ಲೂ ಕರೆಂಟ್ ಹೋಗುತ್ತಾ?’ ಎಂದು ಎಷ್ಟು ಸಂತೋಷಪಟ್ಟರೆಂದರೆ, ಸಂಜೆಯೊಳಗೆ ಇಡೀ ಬೀದಿಗೆ ಸುದ್ದಿ ಮುಟ್ಟಿತ್ತು. ಅವರನ್ನು ದಾರಿಗೆ ತರಲು, ಅದೇ ನ್ಯೂಯಾರ್ಕ್ ರಾಜ್ಯದಲ್ಲಿ ಗಾಜಿಗೆ ಹೆಸರಾದ ಕಾರ್ನಿಂಗ್ ಊರಿನ ಕಥೆ ಹೇಳಿದೆ. ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದ ದೂರದರ್ಶಕಕ್ಕಾಗಿ 1934ರಲ್ಲಿ ಅಲ್ಲಿ 200 ಇಂಚು ಅಗಲದ ಗಾಜಿನ ಬಿಲ್ಲೆ ಎರಕ ಹೊಯ್ದರು. ಮೊದಲನೆಯದರಲ್ಲಿ ಅಚ್ಚಿನ ತುಂಡುಗಳು ಕಿತ್ತುಕೊಂಡು ಕರಗಿದ ಗಾಜಿನ ಮೇಲೆ ತೇಲಿಬಂದವು. ಅದೇ ವರ್ಷ ಎರಡನೆಯದನ್ನು ಹೊಯ್ದು ಹತ್ತು ತಿಂಗಳು ಆರಿಸಿದರು. ನಡುವೆ 1935ರ ಜುಲೈಯಲ್ಲಿ ನದಿ ಉಕ್ಕಿ ಕರೆಂಟು ತೆಗೆಯಬೇಕಾಗಿ ಬಂತು, ಆದರೂ ಗಾಜು ಉಳಿದುಕೊಂಡಿತು. ಕೆಟ್ಟ ಬಿಲ್ಲೆಯನ್ನು ಎಸೆಯಲಿಲ್ಲ. ಕಾರ್ನಿಂಗ್ ಗಾಜಿನ ಮ್ಯೂಸಿಯಂನಲ್ಲಿ ನಾನೇ ನೋಡಿದ್ದೇನೆ.

ಅಪ್ಪ ಸ್ವಲ್ಪ ಹೊತ್ತು ಯೋಚಿಸಿದರು. ‘ಫೇಲಾದವನಿಗೆ ಮ್ಯೂಸಿಯಂನಲ್ಲಿ ನೆರಳು, ಪಾಸಾದವನಿಗೆ ಬೆಟ್ಟದ ಮೇಲೆ ರಾತ್ರಿ ಪಾಳಿ. ಥೇಟ್ ನಮ್ಮ ಆಫೀಸು.’

ಇನ್ನೊಂದು ಸಲ ಬೇರೆ ಆಟ. ಸಹಪಾಠಿಯೊಬ್ಬಳು ಪ್ರೀತಿಯಿಂದ ಕೊಟ್ಟ ನೀಲಿ ಗಾಜನ್ನು ಅಂಚಿಗೆ ಸುತ್ತಿದೆ. ಲೋಟ ಗೂಡಿನಿಂದ ಚಂದವಾಗಿಯೇ ಹೊರಬಂತು. ಆದರೆ ಕಾದಾಗ ಹಿಗ್ಗುವ ಪ್ರಮಾಣ ಎರಡು ಗಾಜಿಗೂ ಹೊಂದಬೇಕು. ಆ ಪ್ರಮಾಣದ ಅಂಕಿ 90 ಇರುವ ಗಾಜಿಗೆ 96ರದ್ದು ಆಗದು. ಕೆಲವು ದಿನ ಕಳೆದ ಮೇಲೆ ನಡುರಾತ್ರಿ ಕಪಾಟಿನಿಂದ ‘ಟಿಣ್’ ಎಂಬ ಸದ್ದು. ಎದ್ದು ದೀಪ ಹಾಕಿದರೆ ಅಂಚು ಉಂಗುರದ ಹಾಗೆ ಬೇರೆಯಾಗಿ ಪಕ್ಕದಲ್ಲಿ ಮಲಗಿದೆ. ಅಮ್ಮನಿಗೆ ಈ ಅಂಕಿಗಳನ್ನು ವಿವರಿಸಿದಾಗ ಅವಳಿಗೆ ಏನೇನೂ ಆಶ್ಚರ್ಯವಾಗಲಿಲ್ಲ. ‘ಗಾಜಿಗೇ ಜಾತಕ ನೋಡ್ತೀರ. ನಾನು ನಿನಗೆ ನೋಡಿದ್ರೆ ಮಾತ್ರ ಮೂಢನಂಬಿಕೆ’ ಎಂದಳು. ಆ ಫೋನು ಬೇಗ ಇಟ್ಟೆ.

ಕೊನೆಯ ವರ್ಷ ಥೀಸಿಸ್ ಪ್ರದರ್ಶನಕ್ಕೆ ದೊಡ್ಡದೊಂದು ಎರಕದ ಶಿಲ್ಪ ಹಾಕಿಕೊಂಡಿದ್ದೆ. ಅದು ಆರುವ ಮೊದಲೇ ತಾರೀಖು ಬಂದುಬಿಟ್ಟಿತು. ಕೈಯಲ್ಲಿದ್ದದ್ದು ಅಮ್ಮನಿಗೆಂದು ಕಟ್ಟಿಟ್ಟ ಆರು ಲೋಟ: ಒಂದು ಗಿಡ್ಡ, ಒಂದು ಲಂಬೂ, ಒಂದಕ್ಕೆ ಡೊಳ್ಳುಹೊಟ್ಟೆ, ಉಳಿದವು ನಡುವೆ ಎಲ್ಲೋ. ವಿಧಿಯಿಲ್ಲದೆ ಬಿಳಿ ಪೀಠದ ಮೇಲೆ ಸಾಲಾಗಿ ಇಟ್ಟು, ‘ಒಂದೇ ಥರದ್ದು ಆರು’ ಎಂದು ಚೀಟಿ ಹಚ್ಚಿದೆ. ಸಮಿತಿಯವರು ಬೆರಗಾದರು. ಯಂತ್ರಯುಗದ ಏಕರೂಪತೆಗೆ ಇದು ಪ್ರತಿರೋಧವಂತೆ. ನಾನು ತಲೆಯಾಡಿಸಿದೆ. ಪದವಿ ಬಂತು.

ಸೀರೆಯಲ್ಲಿ ಸುತ್ತಿ ತಂದ ಲೋಟಗಳನ್ನು ಅಮ್ಮ ಟೇಬಲ್ಲಿನ ಮೇಲೆ ಜೋಡಿಸಿ, ಕಣ್ಣು ಕಿರಿದು ಮಾಡಿ ನೋಡಿದಳು. ಬಂದವರಿಗೆ ಇದರಲ್ಲಿ ಕಾಫಿ ಕೊಟ್ಟರೆ, ಬೀಗರಿಗೆ ಕಮ್ಮಿ ಕೊಟ್ಟರು ಎಂಬ ಮಾತು ಬರುತ್ತದೆ ಎಂದು ಐದನ್ನು ಷೋಕೇಸಿಗೆ ಸಾಗಿಸಿದಳು. ಡೊಳ್ಳುಹೊಟ್ಟೆಯದಕ್ಕೆ ಮಾತ್ರ ಸರಿಯಾಗಿ ಕಾಲು ಸೇರು ಹಿಡಿಯುತ್ತದಂತೆ. ಹೋದ ತಿಂಗಳು ಕಾಲೇಜಿನಿಂದ, ಥೀಸಿಸ್ ಕೃತಿಗಳು ಈಗ ಎಲ್ಲಿವೆ ಎಂದು ತುಂಬಿ ಕಳಿಸಲು ಫಾರಂ ಬಂದಿತ್ತು. ‘ಖಾಸಗಿ ಸಂಗ್ರಹ, ತುಮಕೂರು’ ಎಂದು ಬರೆದೆ. ಅಕ್ಕಿ ಡಬ್ಬಕ್ಕೆ ಅದರಲ್ಲಿ ಕಾಲಂ ಇರಲಿಲ್ಲ.