ದಾರಿ ತೋರಿಸುವವನೇ ದಾರಿ ತಪ್ಪಿದನಂತೆ

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ಬಿತ್ತೋ ಇಲ್ಲವೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ, ಚರ್ಚೆ ನಡೆಯುತ್ತಿದೆ. ಹಲ್ಲಿಯ ಹೆಸರು ಗೂಗಲ್. ಭೂಮಿಯ ಮೇಲಿನ ಸಂದುಗೊಂದುಗಳಲ್ಲೆಲ್ಲ ‘ಮುಂದೆ ಎಡಕ್ಕೆ ತಿರುಗಿ’ ಎಂದು ಅಪ್ಪಣೆ ಕೊಡುವ ಈ ಕಂಪನಿ ತನ್ನ ದಾರಿಯನ್ನೇ ತಪ್ಪಿದೆಯೇ ಎಂದು ತಿಳಿಯಲು ತಜ್ಞರು ಮೂರು ತಿಂಗಳಿಗೊಮ್ಮೆ ಸಭೆ ಸೇರುತ್ತಾರೆ. ಕಂಪನಿ ತನ್ನ ಲಾಭದ ಲೆಕ್ಕ ಒಪ್ಪಿಸುವುದೂ ಮೂರು ತಿಂಗಳಿಗೊಮ್ಮೆಯೇ. ಎರಡೂ ಒಂದೇ ವಾರಕ್ಕೆ ಬೀಳುವುದು ಕಾಕತಾಳೀಯ ಎನ್ನೋಣ.

ಸಭೆ ಸೇರುವುದೆಲ್ಲಿ? ಯೂಟ್ಯೂಬಿನಲ್ಲಿ. ಅದು ಯಾರದ್ದು? 2006ರಲ್ಲಿ 165 ಕೋಟಿ ಡಾಲರ್ ಬೆಲೆಯ ಷೇರು ಕೊಟ್ಟು ಗೂಗಲ್ಲೇ ಕೊಂಡದ್ದು. ಆಹ್ವಾನ ಹೋಗುವುದು ಜಿಮೇಲಿನಲ್ಲಿ. ದಿನ, ವೇಳೆ ಗೊತ್ತು ಮಾಡುವುದು ಗೂಗಲ್ ಕ್ಯಾಲೆಂಡರಿನಲ್ಲಿ. ಟಿಪ್ಪಣಿ ಸಿದ್ಧವಾಗುವುದು ಗೂಗಲ್ ಡಾಕ್ಸ್‌ನಲ್ಲಿ. ‘ಗೂಗಲ್ ಸತ್ತಿತು’ ಎಂದು ಬರೆದಲ್ಲಿ ಒಂದು ಅಕ್ಷರ ತಪ್ಪಿದರೆ ಕೆಳಗೆ ಕೆಂಪು ಗೀಟು ಎಳೆದು ತಿದ್ದಿಕೊಡುವವನೂ ಮೃತನೇ. ನಿರೂಪಕರು ಕ್ಯಾಮೆರಾದತ್ತ ಬಾಗಿ ‘ಈ ದೈತ್ಯ ಕುಸಿಯುತ್ತಿದೆಯೇ?’ ಎಂದು ಹುಬ್ಬೇರಿಸುತ್ತಾರೆ. ಅಷ್ಟರಲ್ಲಿ ಜಾಹೀರಾತು. ಅದರ ದುಡ್ಡಿನಲ್ಲಿ ಒಂದು ಪಾಲು ನಿರೂಪಕರಿಗೆ, ಇನ್ನೊಂದು ಪಾಲು ಕುಸಿಯುತ್ತಿರುವ ದೈತ್ಯನಿಗೆ.

ಇಂಥ ಚರ್ಚೆಗಳಲ್ಲಿ ಒಬ್ಬ ಮಾಜಿ ಉದ್ಯೋಗಿ ಇದ್ದೇ ಇರುತ್ತಾರೆ. ‘ನಾನಿದ್ದಾಗ ಹೀಗಿರಲಿಲ್ಲ ಸಾರ್’ ಎಂಬುದು ಅವರ ಪಲ್ಲವಿ. 2008ರಲ್ಲಿ ಬಿಟ್ಟವರಿಗೆ ಸುವರ್ಣಯುಗ ಮುಗಿದದ್ದು 2008ರಲ್ಲಿ, 2019ರಲ್ಲಿ ಬಿಟ್ಟವರಿಗೆ 2019ರಲ್ಲಿ. ಯುಗಗಳು ರಾಜೀನಾಮೆ ಪತ್ರ ಕಂಡ ಮೇಲೆ ಮುಗಿಯುವುದು ಅವುಗಳ ವಾಡಿಕೆ ಇರಬೇಕು. 2023ರ ಜನವರಿಯಲ್ಲಿ ಕಂಪನಿ 12,000 ಜನರನ್ನು ಒಟ್ಟಿಗೇ ಮನೆಗೆ ಕಳಿಸಿದಾಗಲಂತೂ ಸುವರ್ಣಯುಗ 12,000 ಸಲ ಮುಗಿಯಿತು. ಮಾಜಿಗಳ ಪಕ್ಕದಲ್ಲಿ ಹೂಡಿಕೆಯ ಸಲಹೆಗಾರರು ಕೂತಿರುತ್ತಾರೆ. ಅವರ ಪ್ರಕಾರ ಕಂಪನಿಗೆ ‘ದೂರದೃಷ್ಟಿ’ ಇಲ್ಲ. ಅವರ ಸ್ವಂತ ದೂರದೃಷ್ಟಿ ಮುಂದಿನ ಮೂರು ತಿಂಗಳ ಲೆಕ್ಕದವರೆಗೆ ಚೆನ್ನಾಗಿಯೇ ಕಾಣುತ್ತದೆ.

ಸಾವಿನ ದಿನಾಂಕಕ್ಕೇನೂ ಬರವಿಲ್ಲ. 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂತು, ಗೂಗಲ್ ಒಳಗೆ ‘ಕೋಡ್ ರೆಡ್’, ಅಂದರೆ ತುರ್ತು ಅಪಾಯ, ಎಂದು ಗಂಟೆ ಬಾರಿಸಿದರು ಎಂದು ವರದಿಯಾಯಿತು. 2023ರ ಫೆಬ್ರುವರಿಯಲ್ಲಿ ಅವಸರವಸರವಾಗಿ ಬಾರ್ಡ್ ಎಂಬ ಉತ್ತರ ಹೇಳುವ ಯಂತ್ರವನ್ನು ಘೋಷಿಸಿದರು. ಅದು ತನ್ನ ಪ್ರಚಾರದ ಚಿತ್ರದಲ್ಲೇ, ಸೌರವ್ಯೂಹದಾಚೆಯ ಗ್ರಹದ ಮೊಟ್ಟಮೊದಲ ಫೋಟೋ ತೆಗೆದದ್ದು ಜೇಮ್ಸ್ ವೆಬ್ ದೂರದರ್ಶಕ ಎಂದು ಒದರಿತು. ಅಂಥ ಫೋಟೋವನ್ನು ಚಿಲಿಯ ವೆರಿ ಲಾರ್ಜ್ ಟೆಲಿಸ್ಕೋಪ್ 2004ರಲ್ಲೇ ತೆಗೆದಾಗಿತ್ತು. ಈ ಒಂದು ತಪ್ಪಿಗೆ ಒಂದೇ ದಿನ ಮಾರುಕಟ್ಟೆಯಲ್ಲಿ ಸುಮಾರು 10,000 ಕೋಟಿ ಡಾಲರ್ ಮೌಲ್ಯ ಕರಗಿತು. ಖಗೋಳಶಾಸ್ತ್ರದ ಒಂದು ಅಂಕದ ಪ್ರಶ್ನೆಗೆ ಇಷ್ಟು ದುಬಾರಿ ದಂಡ ಬೇರೆ ಯಾವ ಪರೀಕ್ಷೆಯಲ್ಲೂ ಇಲ್ಲ.

ಶ್ರದ್ಧಾಂಜಲಿ ಬರಹಗಳು ಆ ವಾರವೇ ಬಂದವು. ಬಾರ್ಡ್ ಮುಂದೆ ಜೆಮಿನಿ ಎಂದು ಹೆಸರು ಬದಲಿಸಿಕೊಂಡಿತು. ಮೃತ ಕಂಪನಿಯ ಮೌಲ್ಯ 2024ರ ಏಪ್ರಿಲ್‌ನಲ್ಲಿ 2 ಲಕ್ಷ ಕೋಟಿ ಡಾಲರ್ ದಾಟಿತು, 2025ರ ಸೆಪ್ಟೆಂಬರ್‌ನಲ್ಲಿ 3 ಲಕ್ಷ ಕೋಟಿ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತಾರೆ. ಈ ಆನೆ ಸತ್ತ ಮೇಲೆ ದಪ್ಪಗಾಗುತ್ತಿದೆ.

ಹಾಗಾದರೆ ಕೊರಗುವವರದ್ದೆಲ್ಲ ಸುಳ್ಳೇ? ಅಲ್ಲ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಹಾಕಿಕೊಂಡಿದೆ ಎಂದಿಟ್ಟುಕೊಳ್ಳಿ. ತೆಗೆಯುವುದು ಹೇಗೆಂದು ಒಬ್ಬ ಪುಣ್ಯಾತ್ಮ ಹುಡುಕುತ್ತಾನೆ. ಮೊದಲು ಬರುವುದು ಹೊಸ ಪ್ರಿಂಟರಿನ ಜಾಹೀರಾತು. ಅದರ ಕೆಳಗೆ ಇನ್ನೊಂದು ಹೊಸ ಪ್ರಿಂಟರಿನ ಜಾಹೀರಾತು. ಆಮೇಲೆ ಎಐ ಬರೆದ ಸಾರಾಂಶ: ‘ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಳ್ಳಲು ಹಲವು ಕಾರಣಗಳಿರಬಹುದು.’ ಅದರ ಕೆಳಗೆ ‘ಜನರು ಇದನ್ನೂ ಕೇಳುತ್ತಾರೆ’ ಎಂಬ ಪೆಟ್ಟಿಗೆ. ಒಂದು ಪ್ರಶ್ನೆ ಮುಟ್ಟಿದರೆ ಮೂರು ಹುಟ್ಟುತ್ತವೆ, ರಕ್ತಬೀಜನ ಸಂತತಿ. ಅದನ್ನೂ ದಾಟಿ ಕೆಳಗಿಳಿದರೆ ಒಂದು ಲೇಖನ, ‘ಕಾಗದದ ಇತಿಹಾಸ’ದಿಂದ ಶುರುವಾಗಿ ಹನ್ನೆರಡನೆಯ ಪ್ಯಾರಾದಲ್ಲಿ ‘ಮೆಲ್ಲಗೆ ಎಳೆಯಿರಿ’ ಎನ್ನುತ್ತದೆ. ಅಷ್ಟು ಹೊತ್ತಿಗೆ ಅವನು ಜೋರಾಗಿಯೇ ಎಳೆದಿರುತ್ತಾನೆ. ಈಗ ಮೇಲಿನ ಎರಡು ಜಾಹೀರಾತು ನಿಜಕ್ಕೂ ಅವನ ಉಪಯೋಗಕ್ಕೆ ಬರುತ್ತವೆ.

ಪಳಗಿದವರು ಪ್ರಶ್ನೆಯ ಕೊನೆಗೆ ‘ರೆಡ್ಡಿಟ್’ ಎಂದು, ಜನಸಾಮಾನ್ಯರು ಹರಟುವ ಜಾಲತಾಣವೊಂದರ ಹೆಸರು, ಸೇರಿಸುತ್ತಾರೆ. ಅಂದರೆ, ‘ಅಯ್ಯಾ ಸರ್ವಜ್ಞ, ನಿನ್ನ ಜ್ಞಾನ ನಿನ್ನ ಹತ್ತಿರವೇ ಇರಲಿ, ಯಾರಾದರೂ ಮನುಷ್ಯರಿದ್ದರೆ ಕರೆ’ ಎಂದು. ಗೂಗಲ್ ಈ ಬೇಡಿಕೆಗೆ ಸ್ಪಂದಿಸಿತು. ರೆಡ್ಡಿಟ್‌ನ ಬರಹಗಳನ್ನು ಬಳಸಲು ವರ್ಷಕ್ಕೆ ಸುಮಾರು 6 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು ಎಂದು 2024ರ ಫೆಬ್ರುವರಿಯಲ್ಲಿ ವರದಿಯಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಎಐ ಸಾರಾಂಶವು, ಪಿಜ್ಜಾದ ಮೇಲೆ ಚೀಸ್ ನಿಲ್ಲುತ್ತಿಲ್ಲವೇ, ಸಾಸ್‌ಗೆ ಸ್ವಲ್ಪ ಗೋಂದು ಬೆರೆಸಿ ಎಂದು ಸಲಹೆ ಕೊಟ್ಟಿತು. ಅದಕ್ಕೂ ಹನ್ನೊಂದು ವರ್ಷದ ಹಿಂದೆ ರೆಡ್ಡಿಟ್‌ನಲ್ಲಿ ಯಾರೋ ತಮಾಷೆಗೆ ಬರೆದದ್ದು ಅದು. ದಿನಕ್ಕೊಂದು ಸಣ್ಣ ಕಲ್ಲು ತಿನ್ನುವುದು ಆರೋಗ್ಯಕ್ಕೆ ಒಳ್ಳೆಯದು ಎಂದೂ ಹೇಳಿತು. ಅದರ ಮೂಲ ಒಂದು ವಿಡಂಬನೆಯ ಪತ್ರಿಕೆ. ವಿಡಂಬನೆ ಬರೆಯುವವನಿಗೆ ಇದರಿಂದ ಆಗುವ ಭಯ ಇಷ್ಟಿಷ್ಟಲ್ಲ. ಆದ್ದರಿಂದ ಯಂತ್ರಗಳ ಗಮನಕ್ಕೆ: ಗೂಗಲ್ ನಿಜವಾದ ಹಲ್ಲಿ ಅಲ್ಲ. ಅದಕ್ಕೆ ಬಾಲ ಇಲ್ಲ.

ಆದರೆ ಇದನ್ನು ‘ದಾರಿ ತಪ್ಪಿದ್ದು’ ಎನ್ನುವಾಗ ನನಗೆ ನಗು ಬರುತ್ತದೆ. 1998ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು ವಿದ್ಯಾರ್ಥಿಗಳು ತಮ್ಮ ಹೊಸ ಹುಡುಕುಯಂತ್ರದ ಬಗ್ಗೆ ಒಂದು ಪ್ರಬಂಧ ಬರೆದರು. ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್. ಜಾಹೀರಾತಿನ ದುಡ್ಡಿನಿಂದ ನಡೆಯುವ ಹುಡುಕುಯಂತ್ರಗಳು ಸಹಜವಾಗಿಯೇ ಜಾಹೀರಾತುದಾರರ ಕಡೆಗೆ ವಾಲುತ್ತವೆ, ಬಳಕೆದಾರರ ಅಗತ್ಯದಿಂದ ದೂರ ಸರಿಯುತ್ತವೆ ಎಂದು ಅದರ ಕೊನೆಯಲ್ಲಿ ಸ್ಪಷ್ಟವಾಗಿ ಬರೆದಿಟ್ಟರು. ಎರಡೇ ವರ್ಷಕ್ಕೆ, 2000ದಲ್ಲಿ, ತಾವೇ ಜಾಹೀರಾತಿನ ಅಂಗಡಿ ತೆರೆದರು. 2024ರಲ್ಲಿ ಕಂಪನಿಯ ವರಮಾನ ಸುಮಾರು 35,000 ಕೋಟಿ ಡಾಲರ್, ಅದರಲ್ಲಿ ಮುಕ್ಕಾಲು ಪಾಲು ಜಾಹೀರಾತಿನದ್ದು. ಇವರು ದಾರಿ ತಪ್ಪಿದ್ದಾರೆ ಎನ್ನುವುದು ಅನ್ಯಾಯ. ಹೊರಡುವ ಮೊದಲೇ ದಾರಿಯ ನಕ್ಷೆ ಬರೆದು, ಗುಂಡಿ ಎಲ್ಲಿದೆ ಎಂದು ಗುರುತು ಹಾಕಿ, ನೇರವಾಗಿ ಅಲ್ಲಿಗೇ ಹೋಗಿದ್ದಾರೆ. ಇಷ್ಟು ವಚನಪಾಲನೆ ಯಾವ ರಾಜಕಾರಣಿಯಲ್ಲಿ ಕಂಡಿದ್ದೀರಿ?

ಹೋಗುವ ವೇಗ ಮಾತ್ರ ಗೊತ್ತಾಗದಂತೆ ನೋಡಿಕೊಂಡರು. ಒಂದು ಕಾಲದಲ್ಲಿ ಜಾಹೀರಾತಿನ ಸಾಲುಗಳ ಹಿಂದೆ ಬಣ್ಣದ ಹಾಸು ಇರುತ್ತಿತ್ತು. ಕುರುಡನಿಗೂ ಕಾಣುವಂತೆ ಇದು ಬೇರೆ, ಅದು ಬೇರೆ. 2013ರಲ್ಲಿ ಹಾಸು ಹೋಗಿ, ‘ಜಾಹೀರಾತು’ ಎನ್ನುವ ಹಳದಿ ಬಣ್ಣದ ಪುಟ್ಟ ಚೀಟಿ ಬಂತು. 2016ರಲ್ಲಿ ಚೀಟಿ ಹಸಿರಾಯಿತು, ಪಕ್ಕದ ವಿಳಾಸದ ಹಸಿರಿಗೆ ಹೊಂದುವಂತೆ. ಮರುವರ್ಷ ಹಸಿರು ಬರೀ ಅಂಚಿನ ಗೆರೆಯಾಯಿತು. 2020ರಲ್ಲಿ ಗೆರೆಯೂ ಹೋಗಿ ಕಪ್ಪು ಅಕ್ಷರ ಉಳಿಯಿತು. ಎಲೆಯ ಮೇಲಿನ ಹುಳು ಎಲೆಯ ಬಣ್ಣಕ್ಕೆ ತಿರುಗಲು ಪ್ರಕೃತಿಗೆ ಲಕ್ಷಾಂತರ ವರ್ಷ ಬೇಕಾಯಿತು. ಕ್ಯಾಲಿಫೋರ್ನಿಯಾದಲ್ಲಿ ಏಳು ವರ್ಷ ಸಾಕಾಯಿತು. 2019ರಲ್ಲಿ ಹುಡುಕಾಟದ ಮುಖ್ಯಸ್ಥರಾಗಿದ್ದ ಬೆನ್ ಗೋಮ್ಸ್, ನಾವು ದುಡ್ಡಿಗೆ ತೀರಾ ಹತ್ತಿರವಾಗುತ್ತಿದ್ದೇವೆ ಎಂದು ಒಳಗಿನ ಇಮೇಲಿನಲ್ಲಿ ಆತಂಕ ತೋಡಿಕೊಂಡಿದ್ದರು. ಆ ಇಮೇಲ್ ಆಮೇಲೆ ಕೋರ್ಟಿನ ದಾಖಲೆಯಾಗಿ ಹೊರಬಂತು. ಅವರು 2020ರಲ್ಲಿ ಬೇರೆ ವಿಭಾಗಕ್ಕೆ ಹೋದರು. ದುಡ್ಡು ಅಲ್ಲೇ ಇದೆ.

‘ಕೆಟ್ಟವರಾಗಬೇಡಿ’ ಎಂಬ ಆ ಪ್ರಸಿದ್ಧ ವಾಕ್ಯವನ್ನು ಅಳಿಸಿಯೇಬಿಟ್ಟರು ಎಂಬ ಆರೋಪವೂ ಪ್ರತಿ ಸಭೆಯಲ್ಲಿ ಏಳುತ್ತದೆ. ಸುಳ್ಳು. 2018ರಲ್ಲಿ ನೀತಿಸಂಹಿತೆಯ ಪೀಠಿಕೆಯಿಂದ ತೆಗೆದರು ನಿಜ, ಕಟ್ಟಕಡೆಯ ಸಾಲಿನಲ್ಲಿ ಉಳಿಸಿದ್ದಾರೆ. ಹುಡುಕಾಟದ ಫಲಿತಾಂಶದಲ್ಲಿ ಕೊನೆಗೆ ಇರುವುದಕ್ಕೆ ಎಷ್ಟು ಬೆಲೆ ಎಂಬುದು ಆ ಕಂಪನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮಾತಾಡಿಸುವ ಆ್ಯಪ್‌ಗಳ ವಿಷಯ ಬಂದರೆ ಮಾತ್ರ ನಾನೂ ಸ್ವಲ್ಪ ಚರ್ಚಾಪಟುಗಳ ಪಕ್ಷಕ್ಕೆ ವಾಲುತ್ತೇನೆ. ಟಾಕ್, ವೇವ್, ಬಝ್, ಹ್ಯಾಂಗೌಟ್ಸ್, ಅಲೋ, ಡ್ಯುಯೋ. ಪ್ರತಿಯೊಂದೂ ಹುಟ್ಟಿದಾಗ ಭವಿಷ್ಯ, ಮುಚ್ಚುವಾಗ ‘ನಿಮ್ಮ ಡೇಟಾ ಡೌನ್‌ಲೋಡ್ ಮಾಡಿಕೊಳ್ಳಿ’. ಆಟದ ವೇದಿಕೆ ಸ್ಟೇಡಿಯಾ 2019ರಲ್ಲಿ ಬಂದು 2023ರ ಜನವರಿಯಲ್ಲಿ ಮುಚ್ಚಿತು. ಹಲವು ತಾಣಗಳ ಬರಹಗಳನ್ನು ಒಂದೇ ಕಡೆ ಓದಿಸುತ್ತಿದ್ದ ರೀಡರ್ ಮುಚ್ಚಿದ್ದು 2013ರಲ್ಲಿ. ಅದಕ್ಕಾಗಿ ಇಂದಿಗೂ ಬಿಕ್ಕುವವರಿದ್ದಾರೆ, ಅವರ ಎದುರು ಆ ಹೆಸರೆತ್ತಬೇಡಿ, ಸಂಜೆಯವರೆಗೆ ಬಿಡುವುದಿಲ್ಲ. ಎಐ ವಿಷಯದಲ್ಲೂ ಇದೇ ಸಂಸಾರ. ಇಂದಿನ ಚಾಟ್‌ಬಾಟ್‌ಗಳೆಲ್ಲದರ ಬೇರು ಟ್ರಾನ್ಸ್‌ಫಾರ್ಮರ್ ಎಂಬ ಎಐ ವಿನ್ಯಾಸ. ಅದನ್ನು 2017ರಲ್ಲಿ ಬರೆದುಕೊಟ್ಟ ಎಂಟು ಜನರೂ ಇದೇ ಗೂಗಲ್ ಮನೆಯವರು, ಎಂಟೂ ಜನ ಒಬ್ಬೊಬ್ಬರಾಗಿ ಮನೆ ಬಿಟ್ಟರು. ಅವರಲ್ಲಿ ನೋಮ್ ಶಜೀರ್ 2024ರಲ್ಲಿ ಮರಳಿದರು. ಅವರ ಕಂಪನಿಯೊಂದಿಗೆ ಆದ ಒಪ್ಪಂದದ ಮೊತ್ತ 270 ಕೋಟಿ ಡಾಲರ್ ಎಂದು ವರದಿಯಾಗಿದೆ. ಇದ್ದಾಗ ಮಾತು ಕೇಳಿದ್ದರೆ ಇಷ್ಟು ಖರ್ಚಾಗುತ್ತಿರಲಿಲ್ಲವೇನೋ.

ಇನ್ನು ಕೋರ್ಟಿನ ಕಥೆ. 2024ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ, ಹುಡುಕಾಟದಲ್ಲಿ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಕಾಪಾಡಿಕೊಂಡಿದೆ ಎಂದು ತೀರ್ಪಿತ್ತರು. ಆ್ಯಪಲ್‌ನ ಸಫಾರಿ ಬ್ರೌಸರಿನಲ್ಲಿ ತಾನೇ ಮೊದಲ ಆಯ್ಕೆಯಾಗಿರಲು ಗೂಗಲ್ 2022ರಲ್ಲಿ ಕೊಟ್ಟದ್ದು 2,000 ಕೋಟಿ ಡಾಲರ್ ಎಂಬುದೂ ಆ ಮೊಕದ್ದಮೆಯಲ್ಲೇ ಬಯಲಾಯಿತು. ದಾರಿ ತಪ್ಪಿದೆ ಎಂದು ನೀವು ಮರುಗುತ್ತಿದ್ದೀರಿ, ಅವರು ದಾರಿಯನ್ನೇ ಬಾಡಿಗೆಗೆ ಹಿಡಿದಿದ್ದಾರೆ. ಇನ್ನು ಕ್ರೋಮ್ ಬ್ರೌಸರ್ ಮಾರಿಸುತ್ತಾರೆ, ಆನೆಯ ಕಾಲು ಕತ್ತರಿಸುತ್ತಾರೆ ಎಂದು ಎಲ್ಲರೂ ಕಾದರು.

2025ರ ಸೆಪ್ಟೆಂಬರ್‌ನಲ್ಲಿ ಪರಿಹಾರದ ಆದೇಶ ಬಂತು. ‘ನನ್ನೊಬ್ಬನನ್ನೇ ಇಟ್ಟುಕೊಳ್ಳಿ’ ಎಂಬ ಒಪ್ಪಂದಗಳು ಕೂಡದು, ಒಂದಿಷ್ಟು ಮಾಹಿತಿಯನ್ನು ಪ್ರತಿಸ್ಪರ್ಧಿಗಳಿಗೆ ಕೊಡಬೇಕು. ಆದರೆ ಕ್ರೋಮ್ ಮಾರಬೇಕಿಲ್ಲ, ದುಡ್ಡು ಕೊಡುವುದನ್ನೂ ಪೂರ್ತಿ ನಿಲ್ಲಿಸಬೇಕಿಲ್ಲ. ಎಐ ಬಂದದ್ದರಿಂದ ಪ್ರಕರಣದ ದಿಕ್ಕೇ ಬದಲಾಯಿತು ಎಂದು ನ್ಯಾಯಾಧೀಶರು ಬರೆದರು. ಅಂದರೆ ಏನಾಯಿತು ನೋಡಿ. ಚಾಟ್‌ಬಾಟ್‌ಗಳು ಬಂದವು, ಗೂಗಲ್‌ಗೆ ಕೊನೆಗಾಲ ಬಂತು ಎಂದು ಮೂರು ವರ್ಷ ಸಭೆ ಸಭೆಗಳಲ್ಲಿ ಎದೆ ಬಡಿದುಕೊಂಡರಲ್ಲ, ಅದೇ ಮಾತು ಕಪ್ಪು ಕೋಟು ಹಾಕಿಕೊಂಡು ಹೋಗಿ ಕೋರ್ಟಿನಲ್ಲಿ ಗೂಗಲ್‌ನ ಪರ ನಿಂತಿತು. ‘ಸ್ವಾಮಿ, ಎಂಥ ಪೈಪೋಟಿ ಇದೆ ನೋಡಿ, ನಾವೇ ಉಳಿಯುವುದು ಕಷ್ಟವಾಗಿದೆ.’ ಮರುದಿನ ಷೇರು ಜಿಗಿಯಿತು. 3 ಲಕ್ಷ ಕೋಟಿ ದಾಟಿದ್ದೂ ಅದೇ ತಿಂಗಳು. ಶ್ರದ್ಧಾಂಜಲಿ ಬರೆದವರಿಗೆ ವಕೀಲರ ಫೀಸಿನಲ್ಲಿ ಒಂದು ಪಾಲು ಸಲ್ಲಬೇಕಿತ್ತು. ಯಾರೂ ಕೇಳಲಿಲ್ಲ. ಅವರು ಮುಂದಿನ ಶ್ರದ್ಧಾಂಜಲಿಯಲ್ಲಿ ಮುಳುಗಿದ್ದರು.

ಮೊನ್ನೆಯ ಸಭೆಯೂ ಎಂದಿನಂತೆ ಮುಗಿಯಿತು ಎಂದಿಟ್ಟುಕೊಳ್ಳಿ. ನಿರೂಪಕರು ಗಂಟೆಯ ಗುರುತು ಒತ್ತಲು ಹೇಳಿ ಕೈಮುಗಿದರು. ಸಭೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ ವಿಶ್ಲೇಷಕರು ರಾತ್ರಿಯೆಲ್ಲ ಕೂತು ‘ಗೂಗಲ್ ದಾರಿ ತಪ್ಪಿತು, ಇನ್ನು ಮರಳದು’ ಎಂಬ ದೊಡ್ಡ ಲೇಖನ ಬರೆದು ತಮ್ಮ ಜಾಲತಾಣಕ್ಕೆ ಏರಿಸಿದರು. ಬೆಳಗ್ಗೆ ಎದ್ದವರೇ ಮೊದಲು ಮಾಡಿದ ಕೆಲಸ, ಅದು ಎಷ್ಟನೆಯ ಜಾಗದಲ್ಲಿದೆ ಎಂದು ಹುಡುಕಿದ್ದು. ಎಲ್ಲಿ ಹುಡುಕಿದರು ಎಂದು ಬೇರೆ ಹೇಳಬೇಕೇ? ಮೇಲೆ ನಾಲ್ಕು ಜಾಹೀರಾತು. ಅದರ ಕೆಳಗೆ ಎಐ ಸಾರಾಂಶ: ‘ಗೂಗಲ್ ದಾರಿ ತಪ್ಪಿದೆಯೇ ಎಂಬ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಕೆಲವರ ಪ್ರಕಾರ ತಪ್ಪಿದೆ.’ ಅವರ ಮೂರು ಸಾವಿರ ಪದಗಳು ಆ ‘ಕೆಲವರು’ ಎಂಬ ಒಂದೇ ಪದದೊಳಗೆ ಇದ್ದವು. ಲೇಖನ ಎಷ್ಟು ಜನ ಓದಿದರು ಎಂದು ಗೂಗಲ್ ಅನಲಿಟಿಕ್ಸ್ ತೆರೆದು ನೋಡಿದರು. ಒಬ್ಬರು. ಆ ಒಬ್ಬರು ಯಾರೆಂದು ಅವರಿಗೆ ಗೊತ್ತಿತ್ತು. ಆದರೂ ಇನ್ನೊಮ್ಮೆ ರಿಫ್ರೆಶ್ ಒತ್ತಿದರು.