12 ವಾರಗಳಿಗೆ ಒಂದು ಪ್ರಶ್ನೆ

ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿ ನೆಲೆಸಿ, ಇಲ್ಲಿನ ಕಂಪನಿಯೊಂದರ ಡೇಟಾ ತಂಡದಲ್ಲಿ ದುಡಿಯುತ್ತಿರುವ ನನಗೆ ಪ್ರತಿ ಬೇಸಿಗೆಯಲ್ಲೂ ಒಬ್ಬ ಇಂಟರ್ನ್‌ನ ಹೊಣೆ ಬರುತ್ತದೆ. ಜೂನ್‌ನಲ್ಲಿ ಬರುವ ವಿದ್ಯಾರ್ಥಿ 12 ವಾರಗಳಲ್ಲಿ ಒಂದು ಪ್ರಶ್ನೆಗೆ ಉತ್ತರ ಹುಡುಕಿಕೊಡಬೇಕು. ಅದು ನಮಗೂ ಉತ್ತರ ಗೊತ್ತಿಲ್ಲದ ಪ್ರಶ್ನೆಯಾಗಿರಬೇಕು ಎಂಬುದು ನಮ್ಮ ತಂಡ ಪಾಲಿಸಿಕೊಂಡು ಬಂದ ಪದ್ಧತಿ.

ಎರಡು ವರ್ಷಗಳ ಹಿಂದೆ ಬಂದಿದ್ದ ವಿದ್ಯಾರ್ಥಿನಿಗೆ ನಾವು ಕೇಳಿದ್ದು ಇಷ್ಟೇ: ನಮ್ಮ ವರದಿಯಲ್ಲಿ ಕಾಣುವ ಭಾನುವಾರದ ಮಾರಾಟ, ಅಂಗಡಿಯವರು ಹೇಳುವ ಲೆಕ್ಕಕ್ಕಿಂತ ಏಕೆ ಹೆಚ್ಚಿರುತ್ತದೆ? ಮೊದಲ ಮೂರು ವಾರ ಆಕೆ ಯಾವ ಮಾಡೆಲ್ಲನ್ನೂ ಕಟ್ಟಲಿಲ್ಲ. ಮಾರಾಟ ದಾಖಲಾಗುವ ಟೇಬಲ್ ತೆರೆದು ಸಾಲು ಸಾಲಾಗಿ ಓದಿದಳು, ಅಂಗಡಿಯವರಿಗೆ ಫೋನ್ ಮಾಡಿ ಬಿಲ್ಲುಗಳ ಪ್ರತಿ ತರಿಸಿಕೊಂಡಳು. ಶನಿವಾರ ಸಂಜೆ 5 ಗಂಟೆ 10 ನಿಮಿಷಕ್ಕೆ ಹಾಕಿದ ಬಿಲ್ಲು ನಮ್ಮ ಟೇಬಲ್ಲಿನಲ್ಲಿ ಭಾನುವಾರ 00:10 ಎಂದು ದಾಖಲಾಗಿತ್ತು. ಸರ್ವರ್ ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯದಲ್ಲಿ, ಬರೆದುಕೊಳ್ಳುತ್ತಿತ್ತು. ಬೇಸಿಗೆಯಲ್ಲಿ ಸಿಯಾಟಲ್ ಅದಕ್ಕಿಂತ 7 ಗಂಟೆ ಹಿಂದಿರುವುದರಿಂದ ಸಂಜೆ 5ರ ನಂತರದ ವ್ಯಾಪಾರವೆಲ್ಲ ಮರುದಿನದ ಲೆಕ್ಕಕ್ಕೆ ಸೇರುತ್ತಿತ್ತು. ಚಳಿಗಾಲದಲ್ಲಿ ಅಂತರ 8 ಗಂಟೆಯಾಗುವುದರಿಂದ ಈ ಗಡಿ ಸಂಜೆ 4ಕ್ಕೆ ಸರಿಯುತ್ತದೆ ಎಂಬುದನ್ನೂ ಆಕೆಯೇ ತೋರಿಸಿಕೊಟ್ಟಳು. ತಿದ್ದುಪಡಿಯ ಕೋಡನ್ನು ತಂಡದ ಹಿರಿಯರು ನಾಲ್ಕು ಸಲ ಹಿಂದಿರುಗಿಸಿದರು, ನಾಲ್ಕು ಸಲವೂ ಕಾರಣ ಬರೆದು ಹಿಂದಿರುಗಿಸಿದರು.

ಅದೇ ವರ್ಷ ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗಳು ಫೋನ್ ಮಾಡಿ, "ಮಾವ, ಡೇಟಾ ಸೈನ್ಸ್ ಇಂಟರ್ನ್‌ಶಿಪ್ ಮುಗೀತು, ಸರ್ಟಿಫಿಕೇಟೂ ಬಂತು" ಎಂದಳು. ಏನು ಮಾಡಿದೆ ಎಂದು ಕೇಳಿದೆ. 6,000 ರೂಪಾಯಿ ಕಟ್ಟಿ, ನಾಲ್ಕು ವಾರ ಮೊದಲೇ ಚಿತ್ರೀಕರಿಸಿಟ್ಟ ಪಾಠಗಳನ್ನು ನೋಡಿ, ಟೈಟಾನಿಕ್ ಹಡಗಿನ 891 ಪ್ರಯಾಣಿಕರ ಪಟ್ಟಿಯಲ್ಲಿ ಯಾರು ಬದುಕುಳಿದರು ಎಂದು ಊಹಿಸುವ ಕೋಡನ್ನು ನಕಲು ಮಾಡಿ ಕಳುಹಿಸಿದ್ದಳು. ಅಂಥ ಪಟ್ಟಿಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಂಖ್ಯಾಶಾಸ್ತ್ರಜ್ಞ ಫಿಶರ್ 1936ರಲ್ಲಿ ಬಳಸಿದ 150 ಐರಿಸ್ ಹೂವುಗಳ ಅಳತೆಗಳಿಂದಲೇ ನಾನೂ ಅಕ್ಷರಾಭ್ಯಾಸ ಮಾಡಿದವನು. ಆದರೆ ಅವುಗಳ ಉತ್ತರ ಜಗತ್ತಿಗೆಲ್ಲ ಗೊತ್ತಿದೆ. ಇಡೀ ನಾಲ್ಕು ವಾರಗಳಲ್ಲಿ ಒಬ್ಬರೂ ಅವಳ ಕೋಡನ್ನು ಓದಲಿಲ್ಲ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ ಎಂಬುದೇ ನನ್ನನ್ನು ನೋಯಿಸಿತು.

ಇದಕ್ಕೆ ಮಕ್ಕಳನ್ನು ದೂರುವುದು ಅನ್ಯಾಯ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯ, ಕೂರಿಸಿಕೊಂಡು ಕಲಿಸುವ ಕಂಪನಿಗಳು ಕಡಿಮೆ; ಆ ತೆರವಿನಲ್ಲಿ ಸರ್ಟಿಫಿಕೇಟ್ ಮಾರುವವರು ಅಂಗಡಿ ತೆರೆದಿದ್ದಾರೆ. ಅಮೆರಿಕದಲ್ಲಿ ಇಂಟರ್ನ್‌ಗೆ ಸಂಬಳ ಕೊಡದ ಕಂಪನಿಯನ್ನು, ಈ ಏರ್ಪಾಡಿನಿಂದ ಹೆಚ್ಚು ಲಾಭ ಯಾರಿಗೆ ಎಂದು ಕೇಳುವ 7 ಅಂಶಗಳ ಮಾನದಂಡವನ್ನು ಇಲ್ಲಿನ ಕಾರ್ಮಿಕ ಇಲಾಖೆ 2018ರಿಂದ ಅನುಸರಿಸುತ್ತಿದೆ. ನಮ್ಮ ನಾಡಿನಲ್ಲಿ ಕಲಿಯುವವರಿಂದಲೇ ಹಣ ಪಡೆಯುವವರನ್ನು ವಿಶ್ವವಿದ್ಯಾಲಯ ಮೊದಲು ಹೊರಗಿಡಬೇಕು.

ಹಾಗೆಂದು ಇಲ್ಲಿಯದೆಲ್ಲ ಚೆನ್ನ ಎಂದು ನಾನು ಹೇಳಲಾರೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬಂದ ನಮ್ಮ ಹುಡುಗರು, ಓದಿನ ಭಾಗವಾಗಿ ಕೆಲಸ ಮಾಡಲು ಸಿಗುವ ಸಿಪಿಟಿ ಅನುಮತಿಯಲ್ಲಿ ಬರೆದ ಕಂಪನಿಗೆ, ಬರೆದ ದಿನಾಂಕಗಳಿಗೆ ಕಟ್ಟುಬಿದ್ದು, ಕೊನೆಯಲ್ಲಿ ಕಾಯಂ ಕೆಲಸದ ಮಾತು ಬರುತ್ತದೋ ಇಲ್ಲವೋ ಎಂಬ ಚಿಂತೆಯಲ್ಲೇ ಬೇಸಿಗೆ ಕಳೆಯುತ್ತಾರೆ. ಕೆಲಸ ಕೈಗೆ ಹತ್ತುವಷ್ಟರಲ್ಲಿ 12 ವಾರ ಮುಗಿದಿರುತ್ತದೆ. ಊರಿನಲ್ಲಾದರೆ ಕೊನೆಯ ವರ್ಷದಲ್ಲಿ ತಿಂಗಳುಗಟ್ಟಲೆ ಸಮಯ ಸಿಗುತ್ತದೆ. ಕಾಲೇಜಿನ ಅಧ್ಯಾಪಕರೊಬ್ಬರು ವಾರಕ್ಕೊಮ್ಮೆ ಕೂತು ಕೋಡ್ ಓದಿದರೆ, ಊರಿನದೇ ಒಂದು ಪ್ರಶ್ನೆ ಕೊಟ್ಟರೆ, ಅದಕ್ಕೆ ದೊಡ್ಡ ಕಂಪನಿಯೇ ಬೇಕೆಂದಿಲ್ಲ.

ಅಕ್ಕನ ಮಗಳಿಗೆ ನಾನು ಅಂಥದೇ ಒಂದು ಪ್ರಶ್ನೆ ಕೊಟ್ಟೆ: ಅರಸೀಕೆರೆಯ ಕೊಬ್ಬರಿ ದರಕ್ಕೂ ತಿಪಟೂರಿನ ದರಕ್ಕೂ ವ್ಯತ್ಯಾಸ ಯಾವಾಗ ಹೆಚ್ಚುತ್ತದೆ? ಎಪಿಎಂಸಿ ದರಪಟ್ಟಿಗಳನ್ನು ಒಟ್ಟುಗೂಡಿಸಿದ ಮೊದಲ ವಾರವೇ ಅವಳ ಫೋನ್ ಬಂತು. "ಮಾವ, ಎಷ್ಟೋ ದಿನ ಖಾಲಿ ಇದೆ. ಆವತ್ತು ಹರಾಜೇ ನಡೀಲಿಲ್ವೋ, ನಡೆದಿದ್ದನ್ನ ಬರೀಲಿಲ್ವೋ? ಖಾಲಿ ಅಂದ್ರೆ ಸೊನ್ನೆ ಅಂತ ತಗೊಂಡ್ರೆ ಲೆಕ್ಕ ಎಲ್ಲಾ ಕೆಡುತ್ತೆ." ಮುಂದಿನ ಸಂತೆಯ ದಿನ ತಾತನ ಜೊತೆ ಅರಸೀಕೆರೆಗೆ ಹೋಗಿ, ಮಂಡಿಯವರನ್ನೇ ಕೇಳಿ ಬರುವುದಾಗಿ ಹೇಳಿದಳು.