ಸುಂಕದವನ ಮುಂದೆ ಸ್ವೀಡನ್

ಅಮೆರಿಕದ ಕೋರ್ಟಿನಲ್ಲಿ ಎರಡು ಸಲ ಆರೋಪಿ ಸ್ಥಾನದಲ್ಲಿ ನಿಂತದ್ದು ಸ್ವೀಡನ್ನಿನ ನಿರ್ದೇಶಕ ವಿಲ್ಗೋಟ್ ಶೋಮಾನ್ ಅಲ್ಲ, ಅವರ ಫಿಲ್ಮಿನ ಪೆಟ್ಟಿಗೆ. ಅಶ್ಲೀಲ ಸರಕು ದೇಶದೊಳಗೆ ಬರದಂತೆ ತಡೆಯುವ 1930ರ ಸುಂಕ ಕಾಯಿದೆಯ 305ನೇ ಕಲಮಿನಲ್ಲಿ ಕೇಸು ಬೀಳುವುದು ಸರಕಿನ ಮೇಲೆ. ಸೋತರೆ ಸರಕು ಜಪ್ತಿ, ಆಮೇಲೆ ನಾಶ. 1966ರ ತೀರ್ಪೊಂದರ ಹೆಸರೇ ‘ಅಮೆರಿಕ ಸಂಯುಕ್ತ ಸಂಸ್ಥಾನ ವಿರುದ್ಧ ಒಂದು ಪೆಟ್ಟಿಗೆ ಪಾಸಿಟಿವ್ ಫಿಲ್ಮು’. ಒಳಗಿದ್ದದ್ದು ಶೋಮಾನರ ‘491’ ಎಂಬ ಚಿತ್ರ. ತವರಿನಲ್ಲೂ ಅದಕ್ಕೆ ಸುಖವಿರಲಿಲ್ಲ: 1911ರಿಂದ ಕತ್ತರಿ ಮಸೆಯುತ್ತಿದ್ದ ಸೆನ್ಸಾರ್ ಕಚೇರಿ ಬೇಡವೇ ಬೇಡ ಎಂದಿತು, ಸರ್ಕಾರ ಮಧ್ಯೆ ಬಂದು ಒಂದಿಷ್ಟು ಕತ್ತರಿಸಿ 1964ರಲ್ಲಿ ಬಿಟ್ಟಿತು. ಅಮೆರಿಕದಲ್ಲಿ ಮಾತ್ರ ಪೆಟ್ಟಿಗೆ ಗೆದ್ದಿತು.

ಕಸ್ಟಮ್ಸಿನವರಿಗೆ ಬುದ್ಧಿ ಬಂತೇ? 1968ರ ಜನವರಿಯಲ್ಲಿ ಅದೇ ನಿರ್ದೇಶಕರ ಇನ್ನೊಂದು ಪೆಟ್ಟಿಗೆ ಹಿಡಿದರು: ‘ಐ ಆ್ಯಮ್ ಕ್ಯೂರಿಯಸ್ – ಯೆಲ್ಲೋ’. ಈ ಹಳದಿ, ಹಳದಿ ಪತ್ರಿಕೆಯ ಹಳದಿಯಲ್ಲ, ಸ್ವೀಡನ್ ಬಾವುಟದ್ದು. ಬಾವುಟದ ನೀಲಿಗೆ ‘ಬ್ಲೂ’ ಎಂಬ ಇನ್ನೊಂದು ಚಿತ್ರವೇ ಇದೆ. ಅಂದಹಾಗೆ ಚಿತ್ರ ಕಪ್ಪು-ಬಿಳುಪು.

121 ನಿಮಿಷದ ಚಿತ್ರ. 35 ಎಂಎಂ ಫಿಲ್ಮು ನಿಮಿಷಕ್ಕೆ 27 ಮೀಟರಿಗಿಂತ ತುಸು ಹೆಚ್ಚು ಓಡುತ್ತದೆ, ಅಂದರೆ ಒಟ್ಟು ಸುಮಾರು 3,300 ಮೀಟರ್. ಅಶ್ಲೀಲವೆಂದು ಜಪ್ತಾದ ಆ ಸುರುಳಿಯಲ್ಲಿ ಏನೇನಿತ್ತು? ಲೇನಾ ಎಂಬ ಹುಡುಗಿ ಮೈಕು ಹಿಡಿದು ದಾರಿಹೋಕರನ್ನು ‘ಸ್ವೀಡನ್ನಿನಲ್ಲಿ ವರ್ಗಭೇದ ಇದೆಯೇ’ ಎಂದು ಕೇಳುತ್ತಾಳೆ. ಸಾರಿಗೆ ಸಂಪರ್ಕದ ಸಚಿವ ಉಲೋಫ್ ಪಾಲ್ಮೆ ಉತ್ತರ ಕೊಡುತ್ತಾರೆ. ಮಾರ್ಟಿನ್ ಲೂಥರ್ ಕಿಂಗ್ ಅಹಿಂಸೆಯ ಬಗ್ಗೆ ಮಾತಾಡುತ್ತಾರೆ. ಏಪ್ರಿಲ್ 4ರಂದು ಕಿಂಗ್ ಗುಂಡಿಗೆ ಬಲಿಯಾದಾಗ ಅವರ ಈ ಮಾತು ಅಶ್ಲೀಲ ಸಾಹಿತ್ಯದ ಆರೋಪ ಹೊತ್ತು ಸರ್ಕಾರದ ವಶದಲ್ಲಿತ್ತು. ನಡುನಡುವೆ ಬಟ್ಟೆ ಕಳಚುವುದೂ ಇದೆ, ಇಲ್ಲವೆನ್ನಲಾಗದು.

ಜ್ಯೂರಿ ನೋಡಿ ಅಶ್ಲೀಲ ಎಂದಿತು. ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ 2–1ರಲ್ಲಿ ಅದನ್ನು ತಳ್ಳಿಹಾಕಿತು. ಆಗಿನ ಒರೆಗಲ್ಲಿನ ಪ್ರಕಾರ, ಸಮಾಜಕ್ಕೆ ಎಳ್ಳಷ್ಟೂ ಬೆಲೆಯಿಲ್ಲದ ಸರಕಾದರೆ ಮಾತ್ರ ನಿಷೇಧ. ಎಳ್ಳಿನ ಕೆಲಸ ಪಾಲ್ಮೆ, ಕಿಂಗ್ ಸೇರಿ ಮಾಡಿಕೊಟ್ಟಿದ್ದರು. ನಿರ್ಮಾಪಕರು ಬರೆದಿಟ್ಟುಕೊಳ್ಳಬಹುದು: ಬೆತ್ತಲೆ ದೃಶ್ಯದ ಪಕ್ಕದಲ್ಲಿ ಒಬ್ಬ ಸಚಿವರು ಕಡ್ಡಾಯ, ಸಂದರ್ಶನ ಬೋರು ಹೊಡೆದಷ್ಟೂ ಕ್ಷೇಮ.

1969ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಬಿಡುಗಡೆ. ಪೆಟ್ಟಿಗೆಯ ಮೇಲಿನ ಕೇಸು ಗಲ್ಲಾಪೆಟ್ಟಿಗೆ ತುಂಬಿಸಿತು: ಸುಮಾರು 2 ಕೋಟಿ ಡಾಲರ್. ಮೈ ನೋಡಲು ಸಾಲು ನಿಂತವರು ಸಬ್‌ಟೈಟಲ್ ಓದುತ್ತ ಸ್ವೀಡನ್ನಿನ ಕಾರ್ಮಿಕ ನೀತಿ ಕಲಿತು ಹೊರಬಂದರು. ವಿದೇಶಿ ಸಮಾಜಶಾಸ್ತ್ರಕ್ಕೆ ಇಂಥ ಕಲೆಕ್ಷನ್ ಮತ್ತೆ ಬಂದಂತಿಲ್ಲ. ಹಂಚಿಕೆದಾರ ಗ್ರೋವ್ ಪ್ರೆಸ್ ಅದೇ ಹುರುಪಿನಲ್ಲಿ ಇನ್ನಷ್ಟು ವಿದೇಶಿ ಚಿತ್ರ ಕೊಂಡು ಕೈಸುಟ್ಟುಕೊಂಡಿತು. ಆ ಚಿತ್ರಗಳಿಗೆ ಸುಂಕದವರ ಪ್ರಚಾರ ಸಿಗಲಿಲ್ಲವಲ್ಲ.

ಮೇರಿಲ್ಯಾಂಡ್ ರಾಜ್ಯದ ಸೆನ್ಸಾರ್ ಮಂಡಳಿ ಮಾತ್ರ ಪಟ್ಟು ಬಿಡಲಿಲ್ಲ. ಅಷ್ಟರಲ್ಲಿ ಪಾಲ್ಮೆ ಪ್ರಧಾನಿಯಾಗಿದ್ದರು. ಹೀಗಾಗಿ ಆ ರಾಜ್ಯದ ಬಾಲ್ಟಿಮೋರಿನಲ್ಲಿ ತೋರಿಸಕೂಡದ ಸರಕಿನಲ್ಲಿ ಸ್ನೇಹದೇಶವೊಂದರ ಪ್ರಧಾನಿಯೂ ಸೇರಿದರು. 1971ರಲ್ಲಿ ಸುಪ್ರೀಂ ಕೋರ್ಟು 4–4 ಎಂದಿತು. ಸಮ ಬಿದ್ದರೆ ಕೆಳಗಿನ ತೀರ್ಪೇ ಗಟ್ಟಿ, ನಿಷೇಧ ಉಳಿಯಿತು. ಒಂಬತ್ತನೆಯವರಾದ ವಿಲಿಯಂ ಡಗ್ಲಸ್ ದೂರ ಉಳಿದಿದ್ದರು. ಅವರ ಬರಹವೊಂದು ಗ್ರೋವ್ ಪ್ರೆಸ್ಸಿನ ನಿಯತಕಾಲಿಕದಲ್ಲಿ, ಬೆತ್ತಲೆ ಚಿತ್ರಗಳಿದ್ದ ಸಂಚಿಕೆಯಲ್ಲೇ ಅಚ್ಚಾಗಿತ್ತು. ಹಿಂದಿನ ವರ್ಷ, ಮುಂದೆ ಅಧ್ಯಕ್ಷರಾದ ಸಂಸದ ಜೆರಾಲ್ಡ್ ಫೋರ್ಡ್ ಅದೇ ಸಂಚಿಕೆಯನ್ನು ಸಂಸತ್ತಿನಲ್ಲಿ ಎತ್ತಿ ಹಿಡಿದು, ಈ ನ್ಯಾಯಮೂರ್ತಿಯ ಮೇಲೆ ಮಹಾಭಿಯೋಗವಾಗಬೇಕೆಂದು ಗುಡುಗಿದ್ದರು. ಸದನದ ಬಾಗಿಲಲ್ಲಿ ಸುಂಕದವರು ಇರಲಿಲ್ಲ.